ವ್ಯಾನಿಟಿ ಬ್ಯಾಗಿನ ಜೊಳ್ಳು ಬೀಜ

ಮೊನ್ನೆ ಗೌಡಗೆರೆ ಕಡೆಯಿಂದ ಸಿರಾಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರು ಪಕ್ಕಕ್ಕೆ ಬಂದು ನಿಂತು, "ಮೇಡಂ, ಆಧಾರ್ ಕಾರ್ಡ್" ಅಂದರು. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಕೈಗೆ ಬೇಕಾದದ್ದು ಒಂದೇ ಸಲಕ್ಕೆ ಸಿಕ್ಕಿದ್ದು ನನಗಂತೂ ನೆನಪಿಲ್ಲ. ತೊಡೆಯ ಮೇಲೆ ಒಂದೊಂದೇ ಹೊರತೆಗೆದಿಟ್ಟೆ. ಮನೆಯ ಬೀಗದ ಕೈ, ಅರ್ಧ ತಿಂದ ಕಡ್ಲೆಮಿಠಾಯಿ, ಮಕ್ಕಳಿಂದ ಕಿತ್ತುಕೊಂಡ ಎರಡು ಬುಗುರಿ, ತಲೆನೋವಿನ ಮಾತ್ರೆ, ಮುಚ್ಚಳವಿಲ್ಲದ ಕೆಂಪು ಪೆನ್ನು. ಕೊನೆಗೆ ಬ್ಯಾಗನ್ನೇ ಬೋರಲು ಹಾಕಿದಾಗ ಕಾರ್ಡಿನ ಜೊತೆಗೆ ಒಂದು ಕಡ್ಲೆಬೀಜ ಉದುರಿತು. ಸುಕ್ಕುಗಟ್ಟಿ, ಬಣ್ಣಗೆಟ್ಟು, ಒಣಗಿದ ದ್ರಾಕ್ಷಿಗೆ ತಮ್ಮನ ಹಾಗಿದ್ದ ಬೀಜ.

ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ನಕ್ಕಳು. "ಆಂಟಿ, ದಾರಿಗೆ ತಿನ್ನೋಕೆ ಅಂತ ಒಂದೇ ಒಂದು ಬೀಜ ತಂದಿದ್ದೀರಾ?"

"ಇದು ತಿನ್ನೋದಲ್ಲಮ್ಮ, ನನ್ನ ಬುದ್ಧಿವಂತಿಕೆಗೆ ಕೊಟ್ಟ ಪದಕ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಮೇಡಂಗಳೆಲ್ಲ ಹೀಗೇ ಅಂದುಕೊಂಡು ಮೊಬೈಲಿಗೆ ತಿರುಗಿದಳು. ಸಿರಾ ಬರುವವರೆಗೂ ನಾನು ಆ ಬೀಜವನ್ನು ಅಂಗೈಯಲ್ಲೇ ಹಿಡಿದು ಕೂತಿದ್ದೆ. ಅವಳಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ, ಕೇಳಿ.

ಮೊದಲು ನನ್ನ ಬಗ್ಗೆ ನಾನೇ ನಾಲ್ಕು ಒಳ್ಳೆಯ ಮಾತು ಆಡಿಕೊಂಡುಬಿಡಬೇಕು, ಯಾಕೆಂದರೆ ಮುಂದೆ ಆಡಿಕೊಳ್ಳುವ ಅವಕಾಶ ಇರುವುದಿಲ್ಲ. ನಾನು ಸುಜಾತಾ, ಸಿರಾ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಡಂ. ಮನೆಗೆ, ಸಂಸಾರಕ್ಕೆ ಏನು ಬೇಕು ಏನು ಬೇಡ ಅಂತ ತೀರ್ಮಾನ ಮಾಡುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಸ್ಟಾಫ್ ರೂಮಿನಲ್ಲಿ ಇಲ್ಲ. ಮಿಕ್ಸಿ ಯಾವುದು ತರಲಿ, ಮಗಳನ್ನು ಸೈನ್ಸಿಗೆ ಹಾಕಲೋ ಕಾಮರ್ಸಿಗೋ, ನಾದಿನಿ ಮನೆಯ ಗೃಹಪ್ರವೇಶಕ್ಕೆ ಸೀರೆ ಕೊಡಲೋ ಪಾತ್ರೆಯೋ, ಎಲ್ಲದಕ್ಕೂ "ಸುಜಾತಾ ಮೇಡಂನ ಒಂದ್ಮಾತು ಕೇಳಿ" ಅನ್ನುತ್ತಾರೆ. ನಾನೂ ಸಂಕೋಚಪಡದೆ ಹೇಳುತ್ತೇನೆ. ಬದನೆಕಾಯಿ ಆರಿಸುವಾಗ ತೊಟ್ಟು ನೋಡು, ಗಂಡನ್ನು ಆರಿಸುವಾಗ ಕಾಫಿ ಲೋಟ ನೋಡು ಅನ್ನುವುದು ನನ್ನ ಮಾತು. ನಮ್ಮ ಯಜಮಾನರು ನನ್ನನ್ನು ನೋಡಲು ಕೊಳಾಲದ ನಮ್ಮ ಮನೆಗೆ ಬಂದಾಗ ಕುಡಿದ ಲೋಟವನ್ನು ತಾವೇ ಎತ್ತಿಕೊಂಡು ಹೋಗಿ ಹಿತ್ತಲ ತೊಟ್ಟಿಯ ಹತ್ತಿರ ತೊಳೆದಿಟ್ಟು ಬಂದಿದ್ದರು. ನಾನು ಅಡುಗೆಮನೆ ಕಿಟಕಿಯಿಂದ ನೋಡಿ, ಅಲ್ಲೇ ಒಪ್ಪಿಗೆ ಅಂದೆ. ಇಪ್ಪತ್ತೇಳು ವರ್ಷವಾಯಿತು, ಆಮೇಲೆ ಅವರು ಒಂದು ಲೋಟ ತೊಳೆದದ್ದನ್ನು ನಾನು ಕಂಡಿಲ್ಲ. ಆದರೂ ಆ ತೀರ್ಮಾನ ತಪ್ಪಾಗಲಿಲ್ಲ ಅಂತಲೇ ನನ್ನ ವಾದ.

ಈ ನನ್ನ ಧೈರ್ಯಕ್ಕೆಲ್ಲ ಒಂದು ಬುನಾದಿ ಇತ್ತು. ಅದೇ ಬಿತ್ತನೆ ಬೀಜ.

ಕೊಳಾಲದ ಕಡೆ ನಮ್ಮಪ್ಪನ ಮನೆಯಲ್ಲಿ ರಾಗಿ, ಕೆರೆ ತುಂಬಿದರೆ ಒಂದಿಷ್ಟು ಭತ್ತ. ಕಡ್ಲೆಕಾಯಿ ಅಂದರೆ ನಮಗೆ ಬೇಯಿಸಿ ತಿನ್ನುವ ಪದಾರ್ಥ, ಅಷ್ಟೇ. ಗೌಡಗೆರೆ ಸೀಮೆಗೆ ಸೊಸೆಯಾಗಿ ಬಂದ ಮೇಲೆ ಗೊತ್ತಾಯಿತು, ಇಲ್ಲಿ ಅದಕ್ಕೊಂದು ಮರ್ಯಾದೆ ಉಂಟು ಅಂತ. ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಚಟ್ನಿಗೆ ಏನೂ ಕಾಣಲಿಲ್ಲ. ನಡುಮನೆಯ ಮೂಲೆಯಲ್ಲಿ ಬೇವಿನ ಸೊಪ್ಪು ಹಾಕಿ ಕಟ್ಟಿದ್ದ ಒಂದು ಗಂಟಿನಲ್ಲಿ ದುಂಡುದುಂಡಗೆ, ಒಂದಕ್ಕಿಂತ ಒಂದು ಚೆಂದದ ಬೀಜ. ಇಷ್ಟು ಒಳ್ಳೆಯದನ್ನು ಮೂಲೆಗೆ ಹಾಕಿದ್ದಾರಲ್ಲ, ಈ ಜನಕ್ಕೆ ಊಟದ ರುಚಿಯೇ ಗೊತ್ತಿಲ್ಲ ಅಂದುಕೊಂಡು ಎರಡು ಬೊಗಸೆ ತೆಗೆದು ಹದವಾಗಿ ಹುರಿದೆ. ಘಮ್ಮೆಂದಿತು. ಆ ಘಮಕ್ಕೇ ನಮ್ಮತ್ತೆ ಕೊಟ್ಟಿಗೆಯಿಂದ ಓಡಿ ಬಂದರು.

ನಮ್ಮತ್ತೆ ಓಬಳಮ್ಮ ಪಾವಗಡದ ಆಚೆಯವರು. ಅರ್ಧ ಕನ್ನಡ, ಅರ್ಧ ತೆಲುಗು. ಸಿಟ್ಟು ಬಂದರೆ ಪೂರ್ತಿ ತೆಲುಗು. ಅವತ್ತು ಬಾಣಲೆಯನ್ನು ನೋಡಿದರು, ನನ್ನನ್ನು ನೋಡಿದರು. "ಅಯ್ಯೋ ದೇವುಡಾ" ಅಂದರು. ಆಮೇಲೆ ಕನ್ನಡಕ್ಕೆ ಬಂದರು.

"ಬಿತ್ತೋ ಬೀಜ ಹುರ್ದುಬುಟ್ಯಲ್ಲಮ್ಮ. ಇನ್ನು ಇದು ಹೊಲ್ದಾಗೆ ಹೆಂಗೆ ಹುಟ್ಟುತ್ತೆ?"

ನಾನು ಅಳುವುದಕ್ಕೆ ತಯಾರಾದೆ. ಅವರು ಬಾಣಲೆ ಇಳಿಸಿ, ಎರಡು ಕಾಳು ಬಾಯಿಗೆ ಹಾಕಿಕೊಂಡು ಅಗಿದು, "ಹದ ಚೆನ್ನಾಗೈತೆ ಬುಡು. ರುಬ್ಬು. ಹುರ್ದಿದ್ದು ತಿನ್ಲಿಲ್ಲ ಅಂದ್ರೆ ಅದೂ ದಂಡ" ಅಂದರು. ಅವತ್ತಿನ ಚಟ್ನಿಯಷ್ಟು ರುಚಿಯಾದ ಚಟ್ನಿಯನ್ನು ನಾನು ಮತ್ತೆ ಮಾಡಿಲ್ಲ. ಮಾಡುವ ಹಾಗೂ ಇಲ್ಲ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಬಿತ್ತನೆಗೆ ಇಟ್ಟ ಕಾಯಿಯನ್ನು ನಮ್ಮ ಮನೆಯಲ್ಲಿ ಮಿಷನ್ನಿಗೆ ಹಾಕುವುದಿಲ್ಲ. ಮಿಷನ್ನಿನಲ್ಲಿ ಬೀಜ ಸೀಳುತ್ತದೆ, ಕೆಂಪು ಸಿಪ್ಪೆ ಕಿತ್ತುಹೋಗುತ್ತದೆ, ಅಂಥದ್ದು ಮಣ್ಣಿನಲ್ಲಿ ಕೊಳೆಯುತ್ತದೆ. ಮುಂಗಾರಿಗೆ ಮುಂಚೆ ಮೂಟೆ ಬಿಚ್ಚಿ, ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಬಿಡಿಸಬೇಕು. ಎರಡನೇ ದಿನಕ್ಕೆ ಉಗುರು ಉರಿಯುತ್ತದೆ, ನಾಲ್ಕನೇ ದಿನಕ್ಕೆ ಉರಿಯುವುದೂ ಗೊತ್ತಾಗುವುದಿಲ್ಲ. ಬಿಡಿಸುವುದು ಯಾರು ಬೇಕಾದರೂ ಮಾಡುವ ಕೆಲಸ. ಆರಿಸುವುದು ಹಾಗಲ್ಲ. ಬಿಡಿಸಿದ್ದನ್ನು ಮೊರಕ್ಕೆ ಹಾಕಿ ಜೊಳ್ಳು, ಸೀಳು, ಬೂಸಲು ಹತ್ತಿದ್ದು, ಸಿಪ್ಪೆ ಸುಲಿದದ್ದು ಎಲ್ಲ ತೆಗೆದು, ಮೊಳೆಯುವ ಬೀಜವನ್ನು ಮಾತ್ರ ಉಳಿಸುವುದು ಮನೆಯ ಒಬ್ಬಳೇ ಹೆಂಗಸಿನ ಪಾಲು. ನಮ್ಮ ಮನೆಯಲ್ಲಿ ಅದು ಅತ್ತೆಯ ಕೈ. "ಓಬಳಮ್ಮನ ಕೈಬೀಜ" ಅಂತ ಅಕ್ಕಪಕ್ಕದ ಹೊಲದವರೂ ಬದಲಿಗೆ ಕೇಳಿಕೊಂಡು ಬರುತ್ತಿದ್ದರು. ಯಜಮಾನಿಕೆ ಅಂದರೆ ಬೀಗದ ಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಅಂತ ಕಥೆಗಳಲ್ಲಿ ಓದಿದ್ದೆ. ನಮ್ಮಲ್ಲಿ ಯಜಮಾನಿಕೆ ಅಂದರೆ ಆ ಮೊರ.

ಮದುವೆಯಾಗಿ ಬಂದ ವರ್ಷವೇ ಆ ಮೊರವನ್ನು ಅತ್ತೆ ನನ್ನ ಮುಂದೆ ಇಟ್ಟರು. "ಹುಣಸೆಮರದ ಹೊಲದ ಬೀಜ ನೀನು ಆರ್ಸು" ಅಂದರು. ಹುರಿದು ತಿಂದವಳ ಕೈಗೆ! ನಾನು ಮೂರು ದಿನ ಕೂತು ಆರಿಸಿದೆ. ಆರಿದ್ರಾ ಮಳೆಗೆ ಬಿತ್ತಿದರು. ಹತ್ತನೇ ದಿನ ಹೊಲಕ್ಕೆ ಹೋಗಿ ನೋಡುತ್ತೇನೆ, ಸಾಲಿಗೆ ಸಾಲು ಹಸಿರು, ಒಂದು ಸಂದಿಲ್ಲ, ಒಂದು ಬೋಳಿಲ್ಲ. ನಮ್ಮ ಯಜಮಾನರು ಬದುವಿನ ಮೇಲೆ ನಿಂತು, "ಮೊದಲನೇ ವರ್ಸಕ್ಕೇ ಕೈ ಬಂದ್ಬುಟ್ಟೈತಲ್ಲೇ" ಅಂದರು. ಅತ್ತೆ ಸುಮ್ಮನೆ ನಕ್ಕರು.

ಇಷ್ಟು ವರ್ಷ ಈ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿಲ್ಲ! ಮಧುಗಿರಿಯಲ್ಲಿ ಟ್ರೈನಿಂಗಿಗೆ ಹೋದರೆ ಅಲ್ಲಿ, ತವರಿಗೆ ಹೋದರೆ ಅಲ್ಲಿ, ತರಗತಿಯಲ್ಲಿ ಬೀಜ ಮೊಳೆಯುವ ಪಾಠ ಬಂದರೆ ಅಲ್ಲಂತೂ ಸರಿಯೇ ಸರಿ. "ನೋಡ್ರೋ ಮಕ್ಕಳೇ, ನಾನು ಕಡ್ಲೆಕಾಯಿ ಗಿಡವನ್ನೇ ಸರಿಯಾಗಿ ಕಂಡಿರಲಿಲ್ಲ. ಆದರೂ ಮೊದಲನೇ ಸಲಕ್ಕೇ ಒಂದು ಬೀಜ ಹುಸಿ ಹೋಗಲಿಲ್ಲ. ಯಾಕೆ? ಗಮನ, ಗಮನ." ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಮನೆಯಲ್ಲಿ ಏನಾದರೂ ತೀರ್ಮಾನ ಮಾಡಬೇಕಾದಾಗ ನನ್ನೊಳಗೆ ಆ ಹಸಿರು ಸಾಲು ಬಂದು ನಿಲ್ಲುತ್ತಿತ್ತು. ಅದನ್ನು ಸರಿಯಾಗಿ ಆರಿಸಿದವಳು ಇದನ್ನು ಆರಿಸಲಾರಳೇ ಅನ್ನುವ ಜಂಭ.

ಇನ್ನು ಆ ಜೊಳ್ಳು ಬೀಜದ ಕಥೆ.

ಮೂರು ವರ್ಷದ ಕೆಳಗೆ, ಬಿತ್ತನೆಯ ಹೊತ್ತಿಗೆ, ಅತ್ತೆ ಆರಿಸಿಟ್ಟ ಬೀಜದ ಮೇಲೆ ಸುಮ್ಮನೆ ಕೈಯಾಡಿಸಿದೆ. ಬೊಗಸೆಗೆ ಏಳೆಂಟು ಜೊಳ್ಳು ಸಿಕ್ಕಿತು. ಅತ್ತೆಯ ಮೊರದಲ್ಲಿ! ಆಮೇಲೆ ಗಮನಿಸುತ್ತಾ ಬಂದೆ. ಅವರು ಈಗ ಮೊರದ ಮೇಲೆ ಕಣ್ಣಿಡುತ್ತಿರಲಿಲ್ಲ, ಬೆರಳಿಡುತ್ತಿದ್ದರು. ದೊಡ್ಡ ಜೊಳ್ಳು ಬೆರಳಿಗೆ ಸಿಗುತ್ತಿತ್ತು, ಸಣ್ಣದು ಜಾರಿ ಹೋಗುತ್ತಿತ್ತು. ಬಾಗಿಲಿಗೆ ಬಂದವರನ್ನು ಧ್ವನಿ ಕೇಳಿದ ಮೇಲೆಯೇ ಮಾತಾಡಿಸುತ್ತಿದ್ದರು. ಎರಡು ಕಣ್ಣಿಗೂ ಪೊರೆ.

ಹೇಳಬೇಕಿತ್ತು. ಹೇಳಲಿಲ್ಲ. ಅತ್ತೆಯ ಮರ್ಯಾದೆ ಅಂದುಕೊಂಡೆ. ಎಪ್ಪತ್ತು ದಾಟಿದ ಹೆಂಗಸಿನ ಕೈಯಿಂದ ಮೊರ ಕಿತ್ತುಕೊಂಡರೆ ಏನು ಉಳಿಯುತ್ತದೆ ಅಂದುಕೊಂಡೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ನನಗೆ ಯಾಕೆ ಬೇಕು ಅಂತಲೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಹಾಗಾಗಿ ನನ್ನ ಹೆಸರಾಂತ ಬುದ್ಧಿ ಉಪಯೋಗಿಸಿದೆ. ಸಂಜೆ ಅತ್ತೆ ದೇವಸ್ಥಾನದ ಕಟ್ಟೆಗೆ ಹೋಗಿ ಕೂರುವ ಹೊತ್ತಿನಲ್ಲಿ ಅವರು ಆರಿಸಿದ್ದನ್ನೆಲ್ಲ ಮತ್ತೆ ಆರಿಸುವುದು. ತೆಗೆದ ಜೊಳ್ಳನ್ನು ಅಂಗಳಕ್ಕೆ ಚೆಲ್ಲಿದರೆ ಕಾಲಿಗೆ ಸಿಕ್ಕಿ ಗೊತ್ತಾಗುತ್ತದೆ, ಒಲೆಗೆ ಹಾಕಿದರೆ ವಾಸನೆಗೆ ಗೊತ್ತಾಗುತ್ತದೆ. ಅದಕ್ಕೆ ವ್ಯಾನಿಟಿ ಬ್ಯಾಗು. ಬೆಳಗ್ಗೆ ಬಸ್ ಸ್ಟಾಪಿನ ಹೊಂಗೆಮರದ ಕೆಳಗೆ ಬ್ಯಾಗು ಕೊಡವುತ್ತಿದ್ದೆ. ಆ ಮರದ ಅಳಿಲುಗಳು ಆ ತಿಂಗಳೆಲ್ಲ ನನ್ನನ್ನು ಕಂಡರೆ ಇಳಿದು ಬರುತ್ತಿದ್ದವು.

ಆ ವರ್ಷ ಪೈರು ಚೆನ್ನಾಗಿ ಬಂತು. ಅತ್ತೆಗೆ ಸಂತೋಷ, ನನಗೆ ನನ್ನ ಬಗ್ಗೆ ಇನ್ನಷ್ಟು ಸಂತೋಷ. ಅತ್ತೆ ಸೊಸೆ ಜಗಳವಿಲ್ಲದೆ ಮನೆ ನಡೆಸುವುದು ಹೇಗೆ ಅಂತ ಸ್ಟಾಫ್ ರೂಮಿನಲ್ಲಿ ಒಂದು ಪಾಠವನ್ನೇ ಮಾಡಿದೆ.

ನನ್ನ ಮಗಳು ಸಹನಾ ಸಿರಾದಲ್ಲಿ ಡಿಗ್ರಿ ಓದುತ್ತಾಳೆ. ಮೂಗಿನ ನೇರಕ್ಕೆ ಮಾತಾಡುವವಳು. ಅವಳು ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಹೊರಡಿಸಲು ನೋಡಿದಳು. ಅತ್ತೆ ಕೇಳಲಿಲ್ಲ.

"ನನ್ ಕಣ್ಗೇನಾಗೈತೆ? ಹೊಲ ನೋಡ್ದಾ? ನನ್ ಕೈಬೀಜ ಒಂದಾದ್ರೂ ಹುಸಿ ಹೋಗೈತಾ? ಕಣ್ಣು ಕಾಣ್ದೋಳು ಬೀಜ ಆರಿಸ್ತಾಳೇನೆ?"

ಸಹನಾ ಸೋತು ನನ್ನ ಹತ್ತಿರ ಬಂದಳು. "ಅಮ್ಮ, ಅಜ್ಜಿಗೆ ಪೇಪರಿನ ದೊಡ್ಡಕ್ಷರವೂ ಕಾಣಿಸ್ತಿಲ್ಲ. ಆದ್ರೆ ಬೀಜ ಹೆಂಗೆ ಆರಿಸ್ತಾರೆ?" ನಾನು ಒಲೆ ಕಡೆ ತಿರುಗಿದೆ. ಅವಳು ನನ್ನ ಬೆನ್ನನ್ನೇ ಒಂದು ಗಳಿಗೆ ನೋಡಿದಳು. ಅವಳಿಗೆ ಹೊಳೆಯಿತು. "ಅಮ್ಮ, ನೀನು ಆರಿಸ್ತಿದ್ದೀಯ. ಅಜ್ಜಿ ಆಸ್ಪತ್ರೆಗೆ ಬರದೆ ಇರೋದಕ್ಕೆ ನೀನೇ ಕಾರಣ."

"ದೊಡ್ಡವರ ವಿಷಯ ನಿನಗ್ಯಾಕೆ, ಓದ್ಕೊ ಹೋಗು" ಅಂದೆ. ಉತ್ತರ ಗೊತ್ತಿಲ್ಲದ ಮೇಡಂಗಳು ಯಾವಾಗಲೂ ಹೇಳುವ ಉತ್ತರ ಅದು. ಮರುವರ್ಷವೂ ಅದೇ ಬ್ಯಾಗು, ಅದೇ ಅಳಿಲು.

ಇಲ್ಲಿ ನನ್ನ ಕಣ್ಣಿನ ವಿಷಯವೂ ಒಂದಿಷ್ಟು ಹೇಳಬೇಕು. ನನ್ನ ಕಣ್ಣಿಗೇನೂ ಆಗಿರಲಿಲ್ಲ, ನನ್ನ ಕೈ ಮಾತ್ರ ಸ್ವಲ್ಪ ಗಿಡ್ಡವಾಗಿತ್ತು. ಹಾಜರಿ ಪುಸ್ತಕವನ್ನು ತೋಳು ಪೂರ್ತಿ ಚಾಚಿ ಹಿಡಿದರೂ ಸಾಲುತ್ತಿರಲಿಲ್ಲ. ಒಂದು ದಿನ ಬಸ್ಸಿನಲ್ಲಿ ಧೈರ್ಯವಾಗಿ ಕಾರ್ಡು ತೋರಿಸಿದರೆ ಕಂಡಕ್ಟರು ತಿರುಗಾಮುರುಗಾ ನೋಡಿ, "ಮೇಡಂ, ಇದರಾಗೆ ಮೀಸೆ ಐತಲ್ಲ" ಅಂದರು. ಯಜಮಾನರ ಕಾರ್ಡು. ಬಸ್ಸಿನಲ್ಲಿ ಬೆಳಕು ಸಾಲದು ಅಂದೆ. ಬೆಳಗಿನ ಒಂಬತ್ತು ಗಂಟೆ ಬಿಸಿಲಲ್ಲಿ.

ಇರಲಿ. ಹೋದ ವರ್ಷ ಬಿತ್ತನೆಗೆ ಸರಿಯಾಗಿ ನನ್ನನ್ನು ಮಧುಗಿರಿಗೆ ಐದು ದಿನದ ಟ್ರೈನಿಂಗಿಗೆ ಹಾಕಿದರು. ದಿನಾ ಓಡಾಡುವುದಕ್ಕೆ ಆಗದು ಅಂತ ಅಲ್ಲೇ ಗೆಳತಿಯ ಮನೆಯಲ್ಲಿ ಉಳಿದೆ. ಬೆಟ್ಟದ ಬುಡದ ಆ ಮನೆಯಲ್ಲಿ ಕೂತು, ಬೀಜ ಬಿತ್ತುವುದು ನಾನು ಊರಿಗೆ ಹೋದ ಮೇಲೆಯೇ ತಾನೇ ಅಂದುಕೊಂಡಿದ್ದೆ. ಮಳೆ ನನ್ನ ಟ್ರೈನಿಂಗ್ ಆರ್ಡರ್ ನೋಡಿ ಬರುತ್ತದೆಯೇ? ಮೂರನೇ ದಿನಕ್ಕೆ ಹದವಾಗಿ ಬಂತು. ನಾಲ್ಕನೇ ದಿನ ಯಜಮಾನರು ಹುಣಸೆಮರದ ಹೊಲಕ್ಕೆ ಕೂರಿಗೆ ಹೂಡಿಬಿಟ್ಟರು. ಅತ್ತೆ ಆರಿಸಿದ ಬೀಜ ಆರಿಸಿದ ಹಾಗೇ ಮಣ್ಣು ಸೇರಿತು.

ಹನ್ನೆರಡನೇ ದಿನ ಹೊಲ ನೋಡಿದೆ. ಹಲ್ಲು ಬಿದ್ದ ಬಾಯಿ. ನಾಲ್ಕು ಗಿಡ, ಒಂದು ಸಂದು, ಎರಡು ಗಿಡ, ಮತ್ತೆ ಬೋಳು. ಯಜಮಾನರು ಮಳೆ ಜಾಸ್ತಿಯಾಯಿತು ಅಂದರು, ಆಮೇಲೆ ಇರುವೆ ತಿಂದಿರಬೇಕು ಅಂದರು, ಕೊನೆಗೆ "ಸಂದಿಗೆ ತೊಗರಿ ಹಾಕಿದ್ರಾಯ್ತು ಬುಡವ್ವ" ಅಂದರು. ಪಾಪ, ಅವರಿಗೂ ಅಮ್ಮನ ಮುಂದೆ ಬೀಜದ ಹೆಸರೆತ್ತುವ ಧೈರ್ಯವಿಲ್ಲ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಅಂಗೈಯನ್ನು ನೆಲಕ್ಕೆ ತಾಗಿಸಿಕೊಂಡು ಮುಂದೆ ಮುಂದೆ ಸರಿದರು. ಗಿಡ ಸಿಕ್ಕಿದರೆ ತಲೆ ಸವರಿದ ಹಾಗೆ ಸವರಿ ಮುಂದಕ್ಕೆ. ಬೋಳು ಸಿಕ್ಕಿದರೆ ಅಲ್ಲೇ ಕೈ ನಿಲ್ಲುತ್ತಿತ್ತು. ಒಂದು ಸಾಲು ಪೂರ್ತಿ ಹಾಗೇ ನೋಡಿದರು. ನಾನು ಬದುವಿನ ಮೇಲೆ ನಿಂತಿದ್ದೆ. ಯಾರೋ ನನ್ನ ಬೆನ್ನಿನ ಮೇಲೆ ಕೈಯಿಟ್ಟು ಎಣಿಸುತ್ತಿರುವ ಹಾಗೆ ಅನ್ನಿಸಿತು.

ಮನೆಗೆ ಬಂದವರೇ ಮೊರವನ್ನು ಗೋಡೆಯ ಗೂಟಕ್ಕೆ ನೇತುಹಾಕಿದರು. ಉಳಿದ ಹೊಲದ ಕಾಯಿ ಮೂಟೆ ಹಾಗೇ ಬಿದ್ದಿತ್ತು. "ಮಿಷನ್ಗೆ ಹಾಕ್ಸು" ಅಂತ ಮಗನಿಗೆ ಅಂದರು. ಅಷ್ಟೇ. ದೇವಸ್ಥಾನದ ಕಟ್ಟೆಗೆ ಹೋಗುವುದು ಬಿಟ್ಟರು. ಊಟಕ್ಕೆ ಕರೆದರೆ ಬಂದು ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೂ ಒಂದು ಮಾತಿಲ್ಲ. ನಮ್ಮತ್ತೆ ಸಾರಿಗೆ ಹೆಸರಿಡಲಿಲ್ಲ ಅಂದರೆ ಮನೆಯಲ್ಲಿ ಏನೋ ಸತ್ತಿದೆ ಅಂತ ಅರ್ಥ. ಮೂರು ದಿನ ತಡೆದೆ. ನಾಲ್ಕನೇ ದಿನ ಶಾಲೆಯಿಂದ ಬಂದವಳು ಬ್ಯಾಗು ಕೂಡ ಇಳಿಸದೆ ಜಗಲಿಯ ಮೇಲೆ ಅವರ ಪಕ್ಕ ಕೂತೆ.

"ಅತ್ತೆ, ಒಂದು ಮಾತು ಹೇಳ್ಬೇಕು."

"ಹೇಳಮ್ಮ."

"ನಿಮ್ಮ ಕೈ ತಪ್ಪಿಲ್ಲ. ಕಣ್ಣಿಗೆ ಪೊರೆ ಬಂದಿದೆ. ಮುಂಚಿನಿಂದಲೂ ಬಂದಿದೆ. ನಾನು…"

"ನಾನು ಗುಡಿ ಕಟ್ಟೆಗೆ ಹೋದಾಗ ನೀನು ತಿರುಗಿ ಆರಿಸ್ತಿದ್ದೆ."

"ನಿಮಗೆ ಗೊತ್ತಿತ್ತಾ?"

"ನಾನು ಅಳ್ದು ಇಟ್ಟೋಗಿರ್ತಿದ್ದೆ ಕಣಮ್ಮ. ಬಂದು ನೋಡಿದ್ರೆ ಸೇರಿಗೆ ಒಂದಿಡಿ ಕಮ್ಮಿ. ಇಲಿ ತಿಂದಿದ್ರೆ ಒಳ್ಳೇದ್ನೂ ತಿಂತಿತ್ತು. ಬರೀ ಜೊಳ್ಳೇ ತಿನ್ನೋ ಇಲಿ ನಮ್ಮನ್ಯಾಗೆ ಒಂದೇ ಐತೆ, ಬ್ಯಾಗು ಹಾಕ್ಕೊಂಡು ಓಡಾಡೋ ಇಲಿ."

"ಗೊತ್ತಿದ್ದೂ ಯಾಕತ್ತೆ ಸುಮ್ಮನಿದ್ರಿ? ಸಹನಾ ಆಸ್ಪತ್ರೆಗೆ ಕರೆದಾಗ ಬೀಜದ ಮೇಲೆ ಹಾಕಿ ಜಗಳ ಆಡಿದ್ರಲ್ಲ?"

ಅತ್ತೆ ಸೆರಗಿನ ಅಂಚು ಹೊಸೆದರು. "ಭಯಮ್ಮಾ. ಕಣ್ಣಾಗೆ ಸೂಜಿ ಹಾಕ್ತಾರಂತೆ ಅಂತ ಭಯ. ನೀನು ಸುಮ್ನಿದ್ದೆ, ನಂಗೂ ಅದೇ ಬೇಕಿತ್ತು. ಇಬ್ರೂ ಕಣ್ಣು ಮುಚ್ಕೊಂಡು ಹಾಲು ಕುಡುದ್ವಿ."

ಅವರು ತಪ್ಪನ್ನು ಅರ್ಧ ಹಂಚಿಕೊಂಡರಲ್ಲ ಅಂತ ನನಗೆ ಸಮಾಧಾನವಾಯಿತು. ಸ್ವಲ್ಪ ಧೈರ್ಯವೂ ಬಂತು. ಬಂದ ಕೂಡಲೇ ನನ್ನ ಹಳೇ ಬಾಯಿ ತೆರೆಯಿತು. "ಹೋಗ್ಲಿ ಬಿಡಿ ಅತ್ತೆ. ಮೊದಲನೇ ವರ್ಷ ನಾನು ಆರಿಸಿದ್ದು ಒಂದೂ ಹುಸಿ ಹೋಗಿರಲಿಲ್ಲ ಅಲ್ವಾ? ಆ ನಂಬಿಕೆ ಮೇಲೆ, ನಾನೇ ಸರಿಮಾಡಿಬಿಡ್ತೀನಿ ಅಂದ್ಕೊಂಡೆ."

ಅತ್ತೆ ನನ್ನ ಕಡೆ ತಿರುಗಿದರು. ಕಾಣದ ಕಣ್ಣಿನಲ್ಲೇ ನನ್ನ ಮುಖ ಹುಡುಕಿದರು.

"ಆ ವರ್ಸ ನೀನು ಆರ್ಸಿದ ಬೀಜ್ದಾಗೆ ಮೊರಕ್ಕೆ ಎರಡು ಬೊಗಸೆ ಜೊಳ್ಳಿತ್ತು ಕಣೇ."

ನಾನು ಹೆಗಲಿನ ಬ್ಯಾಗು ಇಳಿಸಿ ಪಕ್ಕಕ್ಕಿಟ್ಟೆ.

"ನೀನು ನೀರಿಗೆ ಹೋದಾಗ ನಾನು ತಿರುಗಿ ಆರಿಸ್ದೆ. ಹುಣಸೆಮರದ ಹೊಲಕ್ಕೆ ಹೋಗಿದ್ದು ನನ್ನ ಕೈಬೀಜ."

ಇಪ್ಪತ್ತಾರು ವರ್ಷ. ಎಷ್ಟು ಟ್ರೈನಿಂಗು, ಎಷ್ಟು ತರಗತಿ, ಎಷ್ಟು ಮಕ್ಕಳಿಗೆ "ಗಮನ, ಗಮನ" ಅಂದಿದ್ದೆ! "ಹಾಗಾದ್ರೆ ನೀವೂ ನಾನು ಮಾಡಿದ್ದನ್ನೇ ಮಾಡಿದ್ರಿ" ಅಂದೆ, ಸ್ವಲ್ಪ ಸಿಟ್ಟಿನಿಂದಲೇ.

"ಇಲ್ಲ. ನೆಪ್ಪು ಮಾಡ್ಕೊ. ಮಾರನೇ ದಿನ ಬಂದು ನಿನ್ನ ಪಕ್ಕ ಕೂತ್ಕೊಂಡ್ನಾ ಇಲ್ವಾ? ನೀನು ಬಿಟ್ಟಿದ್ದ ಜೊಳ್ಳನ್ನೇ ತಗೊಂಡು, ಇದು ಚೂಡಮ್ಮ, ಮೇಲೆ ದುಂಡಗೈತೆ, ತುದಿ ಸುಕ್ಕೈತೆ, ಇದು ಮೊಳೆಯಾಕಿಲ್ಲ ಅಂತ ಕೈಗಿಟ್ನಾ ಇಲ್ವಾ? ಮೂರನೇ ದಿನಕ್ಕೆ ನಿನ್ನ ಮೊರ್ದಾಗೆ ನಾಕೇ ಸಿಕ್ಕಿದ್ದು. ಮರುವರ್ಸ ನಾನು ತಿರುಗಿ ನೋಡ್ಲೇ ಇಲ್ಲ."

ನೆನಪಿತ್ತು. ಅತ್ತೆ ಪಕ್ಕ ಕೂತು ಒಂದೊಂದೇ ಬೀಜ ಅಂಗೈಗಿಟ್ಟದ್ದು ಚೆನ್ನಾಗಿ ನೆನಪಿತ್ತು. ಮಾತಿಗೆ ಕೂತಿದ್ದಾರೆ ಅಂದುಕೊಂಡಿದ್ದೆ ನಾನು.

"ನಾನು ಮುಚ್ಚಿ ತಿದ್ದಿದೆ. ನೀನು ಬರೀ ಮುಚ್ಚಿದೆ" ಅಂದರು ಅತ್ತೆ. ಬೈದ ಧ್ವನಿಯಲ್ಲ, ಬೀಜ ತೋರಿಸಿದ ಧ್ವನಿ. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದರು. "ಆ ಹುಡುಗಿ ಆಸ್ಪತ್ರೆ ಅಂತಿದ್ಲಲ್ಲ. ಯಾವಾಗಂತೆ ಕೇಳು. ನೀನೂ ಬರ್ಬೇಕು. ಸೂಜಿ ಹಾಕೋವಾಗ ನಿನ್ನ ಕೈ ಇರ್ಲಿ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮನೆಯಲ್ಲಿ ಎರಡೂ ಕಾಲ ಅತ್ತೆಯದೇ ಅಂತ ಆವತ್ತು ಖಾತ್ರಿಯಾಯಿತು.

ಪಾವಗಡದಲ್ಲಿ ಒಂದು ಕಣ್ಣಿಗೆ ಆಷಾಢ ಕಳೆದ ಮೇಲೆ, ಇನ್ನೊಂದಕ್ಕೆ ದೀಪಾವಳಿಯ ಹೊತ್ತಿಗೆ ಆಪರೇಷನ್ನಾಯಿತು. ಕೈ ಹಿಡಿದು ಒಳಗೆ ಹೋಗಲು ನನ್ನನ್ನು ಬಿಡಲಿಲ್ಲ. ಬಾಗಿಲಲ್ಲಿ ನಿಂತು ನಾನೇ ನಡುಗಿದೆ. ಅವರು ಅರ್ಧ ಗಂಟೆಯಲ್ಲಿ ಹೊರಗೆ ಬಂದು, ತೆಲುಗಿನಲ್ಲಿ ನರ್ಸಿನ ತವರುಮನೆ ವಿಚಾರಿಸುತ್ತಾ ನಿಂತಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಬಂದ ದಿನ ಸಾರಿಗೆ ಉಪ್ಪು ಕಮ್ಮಿ ಅಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಈ ವರ್ಷ ಮುಂಗಾರಿಗೆ ಮುಂಚೆ ಮೊರ ಗೂಟದಿಂದ ಇಳಿಯಿತು. ಒಂದಲ್ಲ, ಎರಡು ಮೊರ. ಒಂದು ಅತ್ತೆಗೆ, ಒಂದು ನನಗೆ, ಎದುರುಬದುರು. ಕದ್ದು ಮುಚ್ಚಿ ಮಾಡುವ ಕೆಲಸ ಇಲ್ಲವಲ್ಲ ಅಂತ ನಾನು ನಿರಾಳವಾಗಿ ಆರಿಸುತ್ತಿದ್ದೆ. ಒಂದು ಮೊರ ಮುಗಿಸಿ ಹೆಮ್ಮೆಯಿಂದ ಮುಂದೆ ಸರಿಸಿದೆ. ಅತ್ತೆ ಬಗ್ಗಿ, ನನ್ನ ಮೊರದಲ್ಲಿ ಬೆರಳಾಡಿಸದೆ, ಬರೀ ಕಣ್ಣಿನಲ್ಲಿ ನೋಡಿ, ಮೂರು ಬೀಜ ಎತ್ತಿ ನನ್ನ ಅಂಗೈಗಿಟ್ಟರು. ಮೂರೂ ಜೊಳ್ಳು. ಯಜಮಾನರೂ ಸಹನಾಳೂ ಅಲ್ಲೇ ಇದ್ದರು. ಅತ್ತೆ ಮುಚ್ಚಲಿಲ್ಲ.

"ಸುಜಾತ, ನಿನ್ ಕಣ್ಣೂ ತೋರ್ಸು. ನಾಳೇನೇ."

"ಬೆಳಕು ಸಾಲದು ಅತ್ತೆ" ಅಂದೆ.

"ಅಂಗಳ್ದಾಗೆ ಕೂತೀವಿ" ಅಂದರು ಅತ್ತೆ. ಸಹನಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ಒಳಗೆ ಓಡಿದಳು.

ಮಾರನೇ ದಿನ ಭಾನುವಾರ. ಮಧುಗಿರಿಯ ಕನ್ನಡಕದ ಅಂಗಡಿಗೆ ಅತ್ತೆಯೇ ನನ್ನನ್ನು ಕರೆದುಕೊಂಡು ಹೋದರು, ಶಾಲೆಗೆ ಸೇರಿಸುವ ಹಾಗೆ. ಅಂಗಡಿಯವರು ಗಾಜು ಬದಲಾಯಿಸಿ ಬದಲಾಯಿಸಿ ಗೋಡೆಯ ಅಕ್ಷರ ಓದಿಸಿದರು. ಆಮೇಲೆ ಸಣ್ಣಕ್ಷರದ ರಟ್ಟೊಂದನ್ನು ಕೈಗೆ ಕೊಟ್ಟು, "ಇದು ಓದಿ ಮೇಡಂ" ಅಂದರು. ನಾನು ಇನ್ನೇನು ಬಾಯಿ ತೆಗೆಯಬೇಕು, ಅತ್ತೆ ಅಡ್ಡ ಬಂದರು.

"ಅಕ್ಷರ ಅವ್ಳು ಬಾಯಿಪಾಠದಾಗೆ ಹೇಳ್ಬುಡ್ತಾಳೆ, ಮೇಷ್ಟ್ರಮ್ಮ. ಇದ್ನ ಆರಿಸ್ಲಿ." ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಒಂದು ಹಿಡಿ ಕಡ್ಲೆಬೀಜವನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ಸುರಿದರು.

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಬೀಜ ನೋಡಿದೆ. ಎಷ್ಟೋ ವರ್ಷದ ಮೇಲೆ ಕಡ್ಲೆಬೀಜದ ಸಿಪ್ಪೆಯ ಮೇಲಿನ ಸಣ್ಣ ನರಗಳು ಕಂಡವು. ಒಂದು ತೆಗೆದೆ. ಎರಡು. ಮೂರು. ಅತ್ತೆ ತಲೆಯಾಡಿಸಿದರು, ಅವರು ಬೆರೆಸಿ ತಂದದ್ದು ಮೂರೇ ಇರಬೇಕು. ನಾನು ಇನ್ನೊಂದನ್ನು ಎತ್ತಿದೆ. ಮೇಲೆ ದುಂಡಗಿತ್ತು, ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಸುಕ್ಕು.

"ಅದು ಒಳ್ಳೇದು ಕಣಮ್ಮ" ಅಂದರು ಅತ್ತೆ.

"ಇಲ್ಲ ಅತ್ತೆ. ತುದಿ ನೋಡಿ" ಅಂದು ಅವರ ಅಂಗೈಗಿಟ್ಟೆ.

ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದರು. ಇನ್ನೊಂದು ಸಲ ನೋಡಿದರು. "ಇದು ನಂಗೂ ಕಂಡಿರ್ಲಿಲ್ಲ" ಅಂದರು. ಆಮೇಲೆ ನಾಲ್ಕೂ ಜೊಳ್ಳನ್ನು ಒಟ್ಟುಮಾಡಿ ನನ್ನ ವ್ಯಾನಿಟಿ ಬ್ಯಾಗಿನ ಬಾಯಿ ತೆಗೆದು ಒಳಗೆ ಹಾಕಿದರು.

"ಇರ್ಲಿ. ನಿಂಗೆ ಹೆಂಗೂ ರೂಢಿ ಐತಲ್ಲ. ಬಾ, ಇನ್ನೂ ಎರಡು ಮೂಟೆ ಐತೆ."